ನೀರುವಿಮಾನದ ಎಡ ರೆಕ್ಕೆ

ನನ್ನ ಮೊಮ್ಮಗಳು ಸಬೀಹಾಗೆ ಇಲ್ಲಿ ಅಬುಧಾಬಿಯಲ್ಲಿ ವಿಮಾನ ರಿಪೇರಿ ಮಾಡುವ ಕಂಪನಿಯಲ್ಲಿ ಕೆಲಸ ಸಿಕ್ಕಿದೆ. ಮೊದಲ ಎರಡು ವರ್ಷ ತರಬೇತಿ, ಆಮೇಲೆ ಪಕ್ಕಾ. ಇವತ್ತು ಬೆಳಿಗ್ಗೆ ಹತ್ತೂವರೆಗೆ ಕಾಗದ ಬಂತು. ಬರುವ ಭಾನುವಾರ ಹಾಜರಾಗಬೇಕು. ಹನ್ನೊಂದು ಗಂಟೆಯೊಳಗೆ ನಾನು ಕೆಳಗಿನ ಅಂಗಡಿಯ ಮಲಯಾಳಿಗೆ ಹೇಳಿದ್ದೆ, ಲಾಂಡ್ರಿಯವನಿಗೆ ಹೇಳಿದ್ದೆ, ಲಿಫ್ಟಿನಲ್ಲಿ ಸಿಕ್ಕಿದ ಗುರುತಿಲ್ಲದ ಹೆಂಗಸೊಬ್ಬಳಿಗೂ ಹೇಳಿದ್ದೆ. ಆಕೆ ಫಿಲಿಪ್ಪೀನ್ಸ್ ಕಡೆಯವಳು. ನನ್ನ ಮಾತು ಎಷ್ಟು ತಿಳಿಯಿತೋ ಗೊತ್ತಿಲ್ಲ, ಕೈಯಲ್ಲಿದ್ದ ಚೀಲದಿಂದ ಒಂದು ಕಿತ್ತಳೆ ತೆಗೆದು ಕೊಟ್ಟಳು.

ಮಧ್ಯಾಹ್ನ ಸಬೀಹಾ ನನ್ನ ಪಕ್ಕ ಕುಳಿತು, "ದಾದಾ, ಯು ಆಲ್ಸೋ ವರ್ಕ್ಡ್ ಆನ್ ಎ ಪ್ಲೇನ್, ನೋ? ಏನಾದ್ರೂ ಹೇಳಿ ನಂಗೆ," ಎಂದಳು. ಬಾಯಲ್ಲಿ ಹೇಳಲು ಹೊರಟರೆ ನನ್ನ ಹೆಂಡತಿ ಖತೀಜಾ ನಡುನಡುವೆ ಬಾಯಿ ಹಾಕುತ್ತಾಳೆ. ಅದಕ್ಕೆ ಬರೆಯುತ್ತಿದ್ದೇನೆ. ಬೈಂದೂರಿನ ಕನ್ನಡ ಶಾಲೆಯಲ್ಲಿ ನಾನು ಕಲಿತದ್ದು ಐದನೆಯ ತರಗತಿವರೆಗೆ. ಅಕ್ಷರ ಸೊಟ್ಟ ಇರಬಹುದು, ಹೇಳುವ ಸಂಗತಿ ನೆಟ್ಟಗಿದೆ. ಸಬೀಹಾಗೆ ಕನ್ನಡ ಓದಲು ಬರುವುದಿಲ್ಲ, ಅವಳಪ್ಪ ಓದಿ ಹೇಳುತ್ತಾನೆ. ಇಂಥ ಕೆಲಸಕ್ಕೆ ಹೊಸದಾಗಿ ಸೇರುವ ಬೇರೆ ಮಕ್ಕಳಿಗೂ ಆದೀತು.

ನಾನು ದರ್ಜಿ. ದುಬೈಯ ದೇರಾದಲ್ಲಿ ಹನ್ನೆರಡು ವರ್ಷ ಅರಬರ ಉದ್ದ ಅಂಗಿ ಹೊಲಿದೆ. ಅಲ್ಲಿ ನನ್ನ ಉಸ್ತಾದರು ಹೇಳಿಕೊಟ್ಟ ಮೊದಲ ಪಾಠ, ನೀರು ಕಾಣದ ಬಟ್ಟೆಗೆ ಕತ್ತರಿ ಹಾಕಬಾರದು ಎನ್ನುವುದು. ಬಟ್ಟೆಯನ್ನು ಮೊದಲೇ ನೆನೆಸಿ ಕುಗ್ಗಿಸಿಕೊಂಡರೆ ಹೊಲಿದ ಮೇಲೆ ಕುಗ್ಗುವುದಿಲ್ಲ, ಗಿರಾಕಿ ತಿರುಗಿ ಬಂದು ಬೈಯುವುದಿಲ್ಲ. ಆ ಪಾಠ ನನ್ನ ಕೈಗೇ ಹತ್ತಿಹೋಗಿತ್ತು. ಆಮೇಲೆ ಅಬುಧಾಬಿಯ ಮುಸಫ್ಫಾಕ್ಕೆ ಬಂದೆ. ಅದು ದೋಣಿ ಕಟ್ಟುವ ಮತ್ತು ದುರಸ್ತಿ ಮಾಡುವ ವರ್ಕ್‌ಶಾಪು. ದೋಣಿಯ ಸೀಟಿಗೆ ಕವರು, ಬಿಸಿಲಿಗೆ ಕ್ಯಾನ್ವಾಸಿನ ಮಾಡು, ಇವೆಲ್ಲ ನನ್ನ ಪಾಲು. ಎಲ್ಲರೂ ನನ್ನನ್ನು ಮಾಸ್ಟರ್ ಎನ್ನುತ್ತಿದ್ದರು. ಇಸ್ಮಾಯಿಲ್ ಎಂಬ ಹೆಸರು ವೀಸಾದಲ್ಲಿ ಮಾತ್ರ ಇತ್ತು.

ತೊಂಬತ್ತರ ದಶಕದ ನಡುವೆ ಇರಬೇಕು, ನಮ್ಮ ಅರ್ಬಾಬ್, ಅಂದರೆ ವರ್ಕ್‌ಶಾಪಿನ ಯಜಮಾನರು, ಒಬ್ಬ ಜರ್ಮನ್ ಸಾಹೇಬರನ್ನು ಕರೆದುಕೊಂಡು ಬಂದರು. ಅವರ ಹೆಸರು ಡೀಟರ್. ಅರುವತ್ತು ದಾಟಿದವರು, ಎತ್ತರ, ಎಡಗಿವಿ ಸ್ವಲ್ಪ ಮಂದ. ಮೊದಲನೆಯ ಮಹಾಯುದ್ಧದಲ್ಲಿ ಅವರ ದೇಶದವರು ಹಾರಿಸುತ್ತಿದ್ದ ಒಂದು ನೀರುವಿಮಾನವನ್ನು ಹಳೆಯ ಕ್ರಮದಲ್ಲೇ ಹೊಸದಾಗಿ ಕಟ್ಟಬೇಕು, ದೋಣಿಗಳ ಒಂದು ದೊಡ್ಡ ಪ್ರದರ್ಶನದಲ್ಲಿ ಅದನ್ನು ನೀರಿಗಿಳಿಸಬೇಕು ಎನ್ನುವುದು ಅರ್ಬಾಬರ ಆಸೆ. ವಿಮಾನದ ಹೆಸರು ಎಫ್ಎಫ್ ಮೂವತ್ತಮೂರು. ನಾವು ಮೂವತ್ತಮೂರು ಎಂದಷ್ಟೇ ಹೇಳುತ್ತಿದ್ದೆವು. ಮರದ ಎಲುಬು, ಅದರ ಮೇಲೆ ಬಟ್ಟೆ. ಒಂದರ ಮೇಲೊಂದು ಎರಡು ಸಾಲು ರೆಕ್ಕೆ. ಚಕ್ರವಿಲ್ಲ, ಚಕ್ರದ ಜಾಗದಲ್ಲಿ ಎರಡು ಉದ್ದ ದೋಣಿಗಳು. ಅದನ್ನು ನೋಡಿದ ಮೇಲೆ ಈ ಕೆಲಸ ದೋಣಿಯವರಿಗೆ ಯಾಕೆ ಬಂತೆಂದು ತಿಳಿಯಿತು.

ಮರದ ಕೆಲಸಕ್ಕೆ ಗಂಗೊಳ್ಳಿಯ ಮಂಜುನಾಥ ಆಚಾರಿ ಇದ್ದರು. ಊರಲ್ಲಿ ತಲೆಮಾರಿನಿಂದ ದೋಣಿ ಕಟ್ಟಿದವರು. ಕೆಲಸಗಾರರ ಕ್ಯಾಂಪಿನಲ್ಲಿ ನಾವಿಬ್ಬರೂ ಒಂದೇ ರೂಮು. ಆಗ ನನ್ನ ಸಂಸಾರ ಊರಲ್ಲಿತ್ತು.

ಮೂವತ್ತಮೂರರಲ್ಲಿ ಒಂದೇ ಜಾತಿ ಅಲ್ಲ. ಡೀಟರ್ ಸಾಹೇಬರ ಫೈಲಿನಲ್ಲಿ ಅದರ ಅಣ್ಣತಮ್ಮಂದಿರೆಲ್ಲ ಇದ್ದರು. ಮೊದಮೊದಲು ಮಾಡಿದವಕ್ಕೆ ಬಾಲದ ಕೆಳಗೂ ಒಂದು ಸಣ್ಣ ದೋಣಿ. ಆಮೇಲಿನ 'ಇ' ಎಂಬುದಕ್ಕೆ ಮುಂದಿನ ಎರಡು ದೋಣಿಗಳನ್ನೇ ಉದ್ದ ಮಾಡಿ ಬಾಲದ ದೋಣಿಯನ್ನು ತೆಗೆದುಬಿಟ್ಟರು. 'ಎಲ್' ಎಂಬುದಕ್ಕೆ ರೆಕ್ಕೆ ಗಿಡ್ಡ, ಮೈ ಚುರುಕು, ಬಂದೂಕು ಬೇರೆ. ಹಾರಲು ಕಲಿಯುವವರಿಗೆ ಎರಡೂ ಸೀಟಿನಲ್ಲಿ ಹಿಡಿಕೆ ಇರುವ ಇನ್ನೊಂದು. ಅರ್ಬಾಬರಿಗೆ ಬಂದೂಕಿನದ್ದು ಬೇಕಿತ್ತು, ಜನ ನಿಂತು ನೋಡುತ್ತಾರೆ ಎಂದು. ಡೀಟರ್ ಸಾಹೇಬರು 'ಇ'ಯನ್ನೇ ಹಿಡಿದು ಕೂತರು. ಅದಕ್ಕೆ ಬಂದೂಕಿಲ್ಲ. ಕೊನೆಗೆ ಅವರ ಹಟವೇ ನಡೆಯಿತು.

ಆಚಾರಿ ಆ ಫೈಲಿನ ಮೊದಲ ಹಾಳೆ ನೋಡಿ ಬಾಲಕ್ಕೆ ಒಂದು ದೋಣಿ ಮಾಡಿಬಿಟ್ಟರು. ಒಂದು ವಾರದ ಕೆಲಸ, ಬಂಗಾರದಂಥ ಜೋಡಣೆ. ಡೀಟರ್ ಸಾಹೇಬರು ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿ, "ಚೆನ್ನಾಗಿದೆ. ಇದು ಇವನ ಅಣ್ಣನದ್ದು," ಎಂದರು. ಅದು ನಮ್ಮ ಮೆಸ್ಸಿಗೆ ಹೋಯಿತು, ಈರುಳ್ಳಿ ತುಂಬಿಡಲು. ಅಡುಗೆಯವನು ಹೋಗಿ ಬರುವಾಗೆಲ್ಲ, "ಆಚಾರ್ರೆ, ನಿಮ್ ವಿಮಾನ ಯಾವಾಗ ಹಾರುದ್?" ಎಂದು ಕೇಳುತ್ತಿದ್ದ.

"ನಿನ್ ಈರುಳ್ಳಿ ಕೊಳಿಯುದ್ರೊಳ್ಗೆ ಹಾರತ್ತ್, ಬಾಯಿ ಮುಚ್ಕಂಡ್ ಅನ್ನ ಬಡಿಸ್," ಎನ್ನುತ್ತಿದ್ದರು ಆಚಾರಿ.

ಇನ್ನು ನನ್ನ ಕಥೆ. ರೆಕ್ಕೆಯ ಬಟ್ಟೆ ಎರಡು ಥಾನು, ಅಂದರೆ ಎರಡು ದೊಡ್ಡ ಸುರುಳಿ, ಯುರೋಪಿನಿಂದ ಬಂತು. ಲಿನನ್, ಒತ್ತಾದ ನೇಯ್ಗೆ, ಮೈಮೇಲೆ ಒಂದು ಹೊಳಪು. ಅಂಥ ಬಟ್ಟೆಯನ್ನು ನಾನು ಅದಕ್ಕೆ ಮುಂಚೆ ಮುಟ್ಟಿರಲಿಲ್ಲ. ಡೀಟರ್ ಸಾಹೇಬರು ಹಡಗಿನಲ್ಲಿ ಬಂದ ಇಂಜಿನನ್ನು ಕಸ್ಟಮ್ಸಿನಿಂದ ಬಿಡಿಸಿಕೊಳ್ಳಲು ನಾಲ್ಕು ದಿನಕ್ಕೆ ದುಬೈಗೆ ಹೊರಟಿದ್ದರು. ಕಾಗದದ ಅಳತೆ ಕೊಟ್ಟು, ದಿಂಬಿನ ಗವಸಿನಂತೆ ರೆಕ್ಕೆಗೆ ತೊಡಿಸುವ ಹಾಗೆ ಎರಡೆಳೆ ಮಡಚಿ ಹೊಲಿಯಬೇಕು, ಕೆಳಸಾಲಿನ ಎರಡು ರೆಕ್ಕೆಗೆ ಮೊದಲು ಮಾಡು ಎಂದರು. ನೀರಿನ ವಿಷಯ ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ. ಇಪ್ಪತ್ತೈದು ವರ್ಷ ದರ್ಜಿಯಾದವನು ಬಟ್ಟೆ ನೆನೆಸಬೇಕೋ ಬೇಡವೋ ಎಂದು ಯಾರನ್ನು ಕೇಳುತ್ತಾನೆ.

ಒಂದು ಥಾನನ್ನು ಬೆಳಿಗ್ಗೆ ದೊಡ್ಡ ತೊಟ್ಟಿಗೆ ಹಾಕಿ ಸಾಯಂಕಾಲದ ಅಸರ್ ನಮಾಜಿನ ಹೊತ್ತಿಗೆ ತೆಗೆದೆ. ತಾರಸಿಯ ಮೇಲೆ ಹಗ್ಗ ಕಟ್ಟಿ ಒಣಗಿಸಿ ಇಸ್ತ್ರಿ ಹಾಕಿದೆ. ಗಜಕ್ಕೆ ಎರಡು ಬೆರಳು ಕುಗ್ಗಿತ್ತು. ಒಳ್ಳೆಯದಾಯಿತು, ಇನ್ನು ಕುಗ್ಗುವುದಿಲ್ಲ ಎಂದುಕೊಂಡೆ. ಎರಡನೆಯ ಥಾನು ಹಾಕಲು ಹೋದರೆ ತೊಟ್ಟಿಯಲ್ಲಿ ಆಚಾರಿಯವರು ಬಗ್ಗಿಸಲಿಕ್ಕಿದ್ದ ಮರದ ಪಟ್ಟಿಗಳನ್ನು ನೆನೆಸಿಟ್ಟಿದ್ದರು. ಸಮಯವಿರಲಿಲ್ಲ. ಅದಕ್ಕೆ ಎಡ ರೆಕ್ಕೆಯ ಗವಸು ನೆನೆದ ಬಟ್ಟೆಯದ್ದು, ಬಲ ರೆಕ್ಕೆಯದ್ದು ನೆನೆಯದ ಬಟ್ಟೆಯದ್ದು ಆಯಿತು. ಎರಡನ್ನೂ ತೊಡಿಸಿ ಹಿಂದಿನ ಅಂಚನ್ನು ಕೈಯಲ್ಲಿ ಹೊಲಿದು ಮುಚ್ಚಿದೆ.

ಡೀಟರ್ ಸಾಹೇಬರು ಗುರುವಾರ ಬಂದರು. ನನ್ನ ಹೊಲಿಗೆಯ ಮೇಲೆ ಬೆರಳೋಡಿಸಿ ತಲೆದೂಗಿದರು. ಆಮೇಲೆ ನಮ್ಮೆಲ್ಲರನ್ನು ಬಲ ರೆಕ್ಕೆಯ ಸುತ್ತ ನಿಲ್ಲಿಸಿ, ಗಿಡಕ್ಕೆ ನೀರು ಚಿಮುಕಿಸುವ ಡಬ್ಬ ತೆಗೆದುಕೊಂಡು ಬಟ್ಟೆಯ ಮೇಲೆ ನೀರು ಸಿಂಪಡಿಸಿದರು. "ನೋಡಿ. ಈ ಬಟ್ಟೆ ಇವತ್ತಿನವರೆಗೆ ನೀರು ಕಂಡಿಲ್ಲ. ಕುಗ್ಗುವ ಶಕ್ತಿ ಇದಕ್ಕೆ ಒಂದೇ ಸಲ. ಆ ಶಕ್ತಿ ರೆಕ್ಕೆಯ ಮೇಲೇ ಖರ್ಚಾಗಬೇಕು," ಎಂದರು. ಒಣಗುತ್ತಾ ಒಣಗುತ್ತಾ ಬಟ್ಟೆ ತಾನೇ ಎಳೆದುಕೊಂಡಿತು. ಸುಕ್ಕೆಲ್ಲ ಹೋಯಿತು. ಬೆರಳಲ್ಲಿ ಹೊಡೆದರೆ ಬಿಗಿದ ಚರ್ಮದ ದಫ್ ಬಾರಿಸಿದ ಹಾಗೆ ಸದ್ದು.

"ಎಡದ್ದು ಶನಿವಾರ," ಎಂದು ಹೇಳಿ ಹೋದರು.

ಎಡದ್ದರ ಶಕ್ತಿ ತೊಟ್ಟಿಯಲ್ಲೇ ಖರ್ಚಾಗಿತ್ತು. ರೂಮಿಗೆ ಬಂದು ಆಚಾರಿಯವರ ಹತ್ತಿರ ಮಾತ್ರ ಹೇಳಿದೆ.

"ಅಯ್ಯೋ ಮಾರಾಯ್ರೆ, ಇಡೀ ಥಾನ್ ನೆನ್ಸಿರ್ಯಾ?"

"ಇಡೀ ಥಾನು."

"ಅರ್ಬಾಬಂಗೆ ಗೊತ್ತಾದ್ರೆ ನಿಮ್ ವೀಸಾ ಕ್ಯಾನ್ಸಲ್ ಕಾಣಿ. ನಂದಾರೂ ಈರುಳ್ಳಿ ಹಾಕುಕೆ ಆಯ್ತ್. ನಿಮ್ದ್ ಎಂತಕೂ ಆತಿಲ್ಲ."

ಆ ವರ್ಷ ನನ್ನ ಮಗನಿಗೆ ವೀಸಾ ಮಾಡಿಸಿ ಕರೆಸಿಕೊಳ್ಳುವ ಯೋಚನೆಯಲ್ಲಿದ್ದೆ. ಸಬೀಹಾ ಆಗ ಸಣ್ಣವಳು. ನಾನು ಊರಿಗೆ ಹೋದರೆ ಅದೆಲ್ಲ ಅಲ್ಲಿಗೇ ನಿಲ್ಲುತ್ತಿತ್ತು. ಶುಕ್ರವಾರ ಜುಮಾ ನಮಾಜು ಮುಗಿಸಿ ನಾನು ವರ್ಕ್‌ಶಾಪಿಗೆ ಹೋದೆ. ಬೀಗದ ಕೈ ನನ್ನ ಹತ್ತಿರವೂ ಒಂದು ಇತ್ತು. ರೆಕ್ಕೆಯ ಹಿಂದಿನ ಅಂಚಿನ ಹೊಲಿಗೆ ಬಿಚ್ಚಿದೆ. ಬಟ್ಟೆಯನ್ನು ಎರಡು ಬೆರಳು ಒಳಕ್ಕೆ ಎಳೆದೆಳೆದು, ಹೆಣ್ಣುಮಕ್ಕಳ ರವಿಕೆ ಮೈಗೆ ಹಿಡಿಸುವ ಹಾಗೆ, ಕೈಯಲ್ಲೇ ಮತ್ತೆ ಹೊಲಿದೆ. ಸಂಜೆವರೆಗೆ ಹಿಡಿಯಿತು. ಬೆರಳಲ್ಲಿ ಹೊಡೆದೆ. ದಫ್.

ಶನಿವಾರ ಸಾಹೇಬರು ಎಡ ರೆಕ್ಕೆಗೂ ನೀರು ಸಿಂಪಡಿಸಿದರು. ಒಣಗಿದ ಮೇಲೆ ಎರಡನ್ನೂ ಬಡಿದು ಕಿವಿ ಕೊಟ್ಟರು. ಅವರ ಒಳ್ಳೆಯ ಕಿವಿಗೂ ವ್ಯತ್ಯಾಸ ತಿಳಿಯಲಿಲ್ಲ. "ಮಾಸ್ಟರ್," ಎಂದು ನನ್ನ ಭುಜ ತಟ್ಟಿದರು. ಆಚಾರಿ ಆಚೆ ತಿರುಗಿ ಕೀಸುಳಿ ಹಿಡಿದುಕೊಂಡರು.

ಮೋಸ ಎಲ್ಲಿತ್ತೆಂದು ಹೇಳುತ್ತೇನೆ. ತಾನಾಗಿ ಕುಗ್ಗಿದ ಬಟ್ಟೆ ಎಲ್ಲ ಕಡೆಗೂ ಒಂದೇ ಸಮ ಬಿಗಿಯುತ್ತದೆ. ನಾನು ಎಳೆದದ್ದು ಒಂದೇ ಕಡೆಗೆ. ಜೊತೆಗೆ ಆ ಬಟ್ಟೆಯ ಮೈಮೇಲಿನ ಹೊಳಪು ತೊಟ್ಟಿಯಲ್ಲೇ ಹೋಗಿತ್ತು. ಬಿಸಿಲಿನಲ್ಲಿ, ಗಾಳಿಯ ಹೊಡೆತಕ್ಕೆ ಅದು ಎಷ್ಟು ದಿನ ತಡೆಯುತ್ತದೆಂದು ನನಗೆ ಗೊತ್ತಿರಲಿಲ್ಲ. ಮೇಲೆ ಡೋಪ್ ಬಳಿದರೆ ಎಲ್ಲ ಮುಚ್ಚಿಹೋಗುತ್ತದೆ ಎನ್ನುವುದು ಮಾತ್ರ ಗೊತ್ತಿತ್ತು. ಡೋಪ್ ಅಂದರೆ ವಾರ್ನಿಶಿನಂಥ ದ್ರವ, ಮಾಗಿದ ಬಾಳೆಹಣ್ಣಿನ ವಾಸನೆ. ಅದನ್ನು ಬಳಿದರೆ ಬಟ್ಟೆ ಇನ್ನಷ್ಟು ಬಿಗಿದು ಗಟ್ಟಿಯಾಗುತ್ತದೆ.

ಡೋಪಿಗೆ ಮುಂಚೆ ಒಂದು ಕೆಲಸವಿದೆ. ಬಟ್ಟೆಯನ್ನು ರೆಕ್ಕೆಯ ಒಂದೊಂದು ಪಕ್ಕೆಲುಬಿಗೂ ಹೊಲಿಯಬೇಕು. ಮೊಳದುದ್ದದ ಸೂಜಿ, ಮೇಣ ಹಚ್ಚಿದ ದಾರ. ನಾನು ಮೇಲಿನಿಂದ ಚುಚ್ಚಿದರೆ ಕೆಳಗೆ ಕೂತ ಆಚಾರಿ ಸೂಜಿ ಹಿಡಿದು ತಿರುಗಿ ಕಳಿಸುತ್ತಿದ್ದರು. ನಾಲ್ಕು ಬೆರಳಿಗೊಂದು ಗಂಟು. ಒಂದು ರೆಕ್ಕೆಗೆ ಮೂರು ದಿನ. ಭಾನುವಾರ ಎಡ ರೆಕ್ಕೆಯಿಂದ ಶುರು ಮಾಡಿದೆವು. ಎಡ ರೆಕ್ಕೆಗೆ ನಾನು ಹಾಕಿದ ಗಂಟುಗಳಷ್ಟು ಭಾರದ ಗಂಟು ಮತ್ತೆ ಯಾವತ್ತೂ ಹಾಕಿಲ್ಲ.

ಮೂರನೆಯ ದಿನ ಚಹಾದ ಹೊತ್ತಿಗೆ ಆಚಾರಿ ಸಾಹೇಬರನ್ನು ಕೇಳಿದರು, ಈ ವಿಮಾನಕ್ಕೆ ಬಂದೂಕೂ ಇಲ್ಲ, ಯುದ್ಧದಲ್ಲಿ ಇದು ಮಾಡುತ್ತಿದ್ದುದು ಎಂತ ಎಂದು. ನಮ್ಮ ಮೂವರ ನಡುವಿನ ಇಂಗ್ಲಿಷು, ಹಿಂದಿ ಎಲ್ಲ ಸೇರಿ ಐವತ್ತು ಶಬ್ದ ಇರಬಹುದು. ಸಾಹೇಬರು ಕೈಯಲ್ಲೇ ತೋರಿಸುತ್ತಾ ಹೇಳಿದರು. "ಸಮುದ್ರದ ಮೇಲೆ ಹೋಗುವುದು. ನೋಡುವುದು. ತಿರುಗಿ ಬಂದು ಕಂಡದ್ದನ್ನು ಹೇಳುವುದು. ಅಷ್ಟೇ ಇದರ ಕೆಲಸ." ಇಂಥದ್ದೇ ಒಂದನ್ನು ಬಿಚ್ಚಿ ಹಡಗಿನಲ್ಲಿಟ್ಟುಕೊಂಡು ಅವರ ದೇಶದವರು ಹಿಂದೂ ಮಹಾಸಾಗರಕ್ಕೂ ಬಂದಿದ್ದರಂತೆ.

"ನಮ್ ಗಂಗೊಳ್ಳಿ ಬದಿಗೆ ಬಂದಿತ್ತಾ ಕೇಣಿ," ಎಂದರು ಆಚಾರಿ ನನ್ನ ಹತ್ತಿರ. ನಾನು ಅದನ್ನು ಕೇಳಲಿಲ್ಲ, ಇದನ್ನು ಹಾರಿಸುವವರು ಯಾರು ಎಂದು ಕೇಳಿದೆ.

ಸಾಹೇಬರು ತಮ್ಮ ಎದೆಗೆ ಬೆರಳಿಟ್ಟು ತೋರಿಸಿದರು.

ಅಲ್ಲಿಯವರೆಗೆ ಅದು ನೀರಿನ ಮೇಲೆ ಓಡುತ್ತದೆ, ಜನ ಫೋಟೋ ತೆಗೆಯುತ್ತಾರೆ, ಅಷ್ಟೇ ಎಂದುಕೊಂಡಿದ್ದೆ. ನನ್ನ ಕೈಯಲ್ಲಿದ್ದ ಚಹಾ ಹಾಗೇ ಇಟ್ಟೆ. ಆಚಾರಿ ನನ್ನ ಮುಖ ನೋಡಿ ಮೆಲ್ಲಗೆ, "ಸುಮ್ನೆ ಕೂಕಣಿ," ಎಂದರು. ಕೂರಲಾಗಲಿಲ್ಲ.

"ಸಾಬ್," ಎಂದೆ, "ಲೆಫ್ಟ್ ವಿಂಗ್. ಕ್ಲಾತ್, ವಾಟರ್. ಬಿಫೋರ್ ಕಟಿಂಗ್. ಐ ಪುಟ್."

ಅವರಿಗೆ ಮೊದಲು ತಿಳಿಯಲಿಲ್ಲ. ತೊಟ್ಟಿಯ ಹತ್ತಿರ ಕರೆದುಕೊಂಡು ಹೋಗಿ ತೋರಿಸಿದೆ.

"ಎಷ್ಟು ಹೊತ್ತು?"

"ಬೆಳಿಗ್ಗೆಯಿಂದ ಅಸರ್ ತನಕ."

"ಮತ್ತೆ ಹೇಗೆ ಬಿಗಿಯಾಯಿತು?"

"ಶುಕ್ರವಾರ ಬಂದು ಬಿಚ್ಚಿ ಹೊಲಿದೆ."

ಅವರು ರೆಕ್ಕೆಯ ಹಿಂದಿನ ಅಂಚಿಗೆ ಹೋದರು. ಕನ್ನಡಕ ಹಣೆಗೇರಿಸಿ, ಬಗ್ಗಿ, ನನ್ನ ಹೊಲಿಗೆಯ ಮೇಲೆ ಈ ತುದಿಯಿಂದ ಆ ತುದಿಗೆ ಉಗುರು ಎಳೆದರು. "ಬಹಳ ಒಳ್ಳೆಯ ಕೈ. ಬಹಳ ಕೆಟ್ಟ ಕೆಲಸ," ಎಂದರು. ಜೇಬಿನಿಂದ ಚಾಕು ತೆಗೆದು ನನ್ನ ಕೈಗೇ ಕೊಟ್ಟರು. ಮೂರು ದಿನ ಹಾಕಿದ ಗಂಟುಗಳನ್ನು ನಾನೇ ಒಂದೊಂದಾಗಿ ಕತ್ತರಿಸಿದೆ. ಅವರು ಸ್ಟೂಲು ಎಳೆದುಕೊಂಡು ಕೊನೆಯ ಗಂಟಿನವರೆಗೂ ಕೂತು ನೋಡಿದರು. ಬೈದಿದ್ದರೆ ಹಗುರಾಗುತ್ತಿತ್ತು.

ಮರುದಿನ ಅರ್ಬಾಬ್ ಬಂದರು. ಬಟ್ಟೆ ಮತ್ತೆ ತರಿಸಬೇಕು, ಅಂದರೆ ಪ್ರದರ್ಶನಕ್ಕೆ ವಿಮಾನ ಇಲ್ಲ. ಬರುವವರಿಗೆಲ್ಲ ಅವರು ಹೇಳಿಯಾಗಿತ್ತು. ನನ್ನ ಕಡೆ ನೋಡದೆ ಮ್ಯಾನೇಜರಿಗೆ, "ಇಸ್ಕೊ ಖಲಾಸ್ ಕರೋ. ಕ್ಯಾನ್ಸಲ್," ಎಂದರು. ನಾನು ನನ್ನ ಕತ್ತರಿ, ಟೇಪು ಚೀಲಕ್ಕೆ ಹಾಕಿಕೊಳ್ಳತೊಡಗಿದೆ.

ಡೀಟರ್ ಸಾಹೇಬರು ಕುಳಿತಲ್ಲಿಂದ ಏಳಲಿಲ್ಲ. "ಇವನು ಹೋದರೆ ನಾನು ಹಾರುವುದಿಲ್ಲ," ಎಂದರು.

"ಯಾಕೆ? ಬಟ್ಟೆ ಹಾಳು ಮಾಡಿದ್ದು ಇವನೇ ಅಲ್ಲವಾ?"

"ಹೌದು. ಹಾಳಾಗಿದೆ ಎಂದು ನನಗೆ ಹೇಳಿದ್ದೂ ಇವನೇ. ಹೊಸಬ ಬಂದರೆ ಅವನು ಹೇಳುತ್ತಾನೋ ಇಲ್ಲವೋ, ನನಗೆ ಮೇಲೆ ಹೋದ ಮೇಲೆ ಗೊತ್ತಾಗುತ್ತದೆ."

ಅರ್ಬಾಬ್ ರೆಕ್ಕೆಯ ಬರಿ ಎಲುಬನ್ನು ನೋಡಿದರು. "ಯಲ್ಲಾ," ಎಂದು ಕೈ ಬೀಸಿ ಕಾರು ಹತ್ತಿದರು. ಅದು ಹೌದು ಎಂದೋ ಅಲ್ಲ ಎಂದೋ ನಮಗೆ ತಿಳಿಯಲಿಲ್ಲ. ಮ್ಯಾನೇಜರ್ ನನ್ನ ಚೀಲ ನೋಡಿ, "ಎಲ್ಲಿಗೆ ಹೊರಟಿದ್ದೀ, ಸೀಟ್ ಕವರ್ ಯಾರು ಹೊಲೀತಾರೆ?" ಎಂದ ಮೇಲೆ ತಿಳಿಯಿತು.

ಹೊಸ ಬಟ್ಟೆ ಬರುವಷ್ಟರಲ್ಲಿ ಚಳಿಗಾಲ ಮುಗಿದಿತ್ತು. ಪ್ರದರ್ಶನವೂ ಮುಗಿದಿತ್ತು. ಗಾಳಿಯಲ್ಲಿ ತೇವ ಏರಿದರೆ ಡೋಪು ಬಳಿದ ಕೂಡಲೇ ಮಂಜು ಕಟ್ಟಿದ ಹಾಗೆ ಬೆಳ್ಳಗಾಗುತ್ತದೆ, ಮತ್ತೆ ಮಾಡಬೇಕು. ನನ್ನ ಒಂದು ತೊಟ್ಟಿ ನೀರಿನಿಂದ ಎಲ್ಲರಿಗೂ ಎರಡು ತಿಂಗಳ ಹೆಚ್ಚಿನ ಬೆವರು. ಆಚಾರಿ ದಿನಾ, "ಇವತ್ತ್ ಎಂತಾರೂ ನೆನ್ಸುಕಿತ್ತಾ ಮಾಸ್ಟ್ರೆ?" ಎಂದು ಕೇಳಿಯೇ ಕೆಲಸ ಶುರು ಮಾಡುತ್ತಿದ್ದರು.

ಆಗಿನಿಂದ ಸಾಹೇಬರು ಒಂದು ದಪ್ಪ ನೋಟುಪುಸ್ತಕ ಇಟ್ಟರು. ಯಾವ ಥಾನಿನ ಬಟ್ಟೆ, ಕತ್ತರಿಸಿದವರು ಯಾರು, ಹೊಲಿದವರು ಯಾರು, ಎಲ್ಲಕ್ಕೂ ರುಜು. ನನಗೆ ಇಂಗ್ಲಿಷಿನಲ್ಲಿ ರುಜು ಹಾಕಲು ಬರುತ್ತಿರಲಿಲ್ಲ. ನಿನ್ನ ಭಾಷೆಯಲ್ಲೇ ಹಾಕು ಎಂದರು. ಆ ಪುಸ್ತಕದಲ್ಲಿ ರೆಕ್ಕೆಗಳ ಹಾಳೆಯಲ್ಲೆಲ್ಲ 'ಇಸ್ಮಾಯಿಲ್' ಎಂದು ಕನ್ನಡದಲ್ಲಿದೆ. ಈಗ ಅದು ಜರ್ಮನಿಯಲ್ಲಿ ಎಲ್ಲಿಯೋ ಇರಬೇಕು.

ಒಂದು ಬೆಳಿಗ್ಗೆ, ಗಾಳಿ ಇಲ್ಲದ ಹೊತ್ತು ನೋಡಿ, ಮೂವತ್ತಮೂರನ್ನು ಸಮುದ್ರಕ್ಕಿಳಿಸಿದೆವು. ಜನ ಇಲ್ಲ, ಫೋಟೋದವರಿಲ್ಲ. ಅರ್ಬಾಬ್ ಬಂದಿದ್ದರು, ನಾವು ಆರೇಳು ಮಂದಿ ಇದ್ದೆವು. ಅದು ನೀರನ್ನು ಸೀಳುತ್ತಾ ಬಹಳ ದೂರ ಓಡಿತು. ಏಳುವುದಿಲ್ಲ ಎಂದುಕೊಂಡೆವು. ಎದ್ದಿತು. ನಾನು ವಿಮಾನವನ್ನು ನೋಡಲಿಲ್ಲ, ಎಡ ರೆಕ್ಕೆಯನ್ನು ಮಾತ್ರ ನೋಡುತ್ತಿದ್ದೆ. ಬಿಸಿಲು ಬಟ್ಟೆಯೊಳಗಿಂದ ಹಾಯ್ದು ಪಕ್ಕೆಲುಬುಗಳು ಒಂದೊಂದೂ ಎಣಿಸುವ ಹಾಗೆ ಕಾಣುತ್ತಿದ್ದವು. ಒಂದು ಸುತ್ತು ಹಾಕಿ ಇಳಿಯಿತು. ಹತ್ತು ನಿಮಿಷವೂ ಇಲ್ಲ. ಆಚಾರಿ ಸೊಂಟದುದ್ದ ನೀರಿಗೆ ಹೋಗಿ ದೋಣಿ ಹಿಡಿದುಕೊಂಡು, "ಎಂತ ಕಂಡ್ರಿ ಸಾಬ್? ಹೇಳಿ," ಎಂದು ಕೇಳಿದರು.

ಸಾಹೇಬರು ಬಹಳ ಗಂಭೀರವಾಗಿ ವರದಿ ಒಪ್ಪಿಸಿದರು. "ಮುಸಫ್ಫಾ ಕಂಡೆ. ನಿಮ್ಮ ಕ್ಯಾಂಪ್ ಕಂಡೆ. ತಾರಸಿ ಮೇಲೆ ಒಂದು ನೀಲಿ ಲುಂಗಿ ಒಣಗುತ್ತಿದೆ. ಯಾರದ್ದು?"

ಲುಂಗಿ ಆಚಾರಿಯವರದ್ದು.

ಆಮೇಲಿನ ವರ್ಷಗಳನ್ನು ಉದ್ದ ಬರೆಯುವುದಿಲ್ಲ. ವಿಮಾನದ ಸೀಟು ಹೊಲಿಯುವ ಕಡೆ ಕೆಲಸ ಮಾಡಿದೆ, ಮಗ ಬಂದ, ಸೊಸೆ ಬಂದಳು, ಖತೀಜಾ ಬಂದಳು, ಅಬುಧಾಬಿಯ ಬನಿಯಾಸಿನಲ್ಲಿ ಮನೆಯಾಯಿತು. ಕೆಲಸದ ಕ್ರಮ ಬಹಳ ಬದಲಾಯಿತು. ಹಳೆಯ ನಮೂನೆಯ ವಿಮಾನಗಳಿಗೆ ಈಗ ಲಿನನ್ ಇಲ್ಲ, ಬೇರೆ ಜಾತಿಯ ಬಟ್ಟೆ, ಬಿಸಿ ಇಸ್ತ್ರಿ ಹಿಡಿದರೆ ಬಿಗಿಯುತ್ತದೆ. ದಾರದ ಉಂಡೆಗೂ ಒಂದು ಚೀಟಿ, ಚೀಟಿಗೊಂದು ನಂಬರು, ನಂಬರಿಗೊಂದು ರುಜು. ಹುಡುಗರು ಇದೆಂಥ ಕಾಟ ಎನ್ನುತ್ತಿದ್ದರು. ನನಗೆ ಕಾಟ ಅನ್ನಿಸಲಿಲ್ಲ. ಸಬೀಹಾ, ನಿನಗೆ ಬಂದ ವಿದ್ಯೆಯೇ ನಿನ್ನ ಕೈಯಿಂದ ತಪ್ಪು ಮಾಡಿಸುವುದೂ ಉಂಟು, ನನ್ನ ಉಸ್ತಾದರ ಪಾಠದ ಹಾಗೆ. ಮಾಡದವರಿಲ್ಲ. ಗುರುವಾರವೇ ಹೇಳಬೇಕಾದದ್ದನ್ನು ನಾನು ಐದು ದಿನ ತಡ ಮಾಡಿದೆ. ನೀನು ಅಷ್ಟು ತಡ ಮಾಡಬೇಡ.

ಆ ನೆನೆದ ಬಟ್ಟೆಯ ಕಥೆ ಉಳಿಯಿತು. ಡೀಟರ್ ಸಾಹೇಬರು ಹೊರಡುವಾಗ ಅದನ್ನೆಲ್ಲ ಮಡಚಿ ನನಗೆ ಕೊಟ್ಟರು. ಇನ್ನು ಇದು ಎಷ್ಟು ಸಲ ನೀರು ಕಂಡರೂ ಕುಗ್ಗುವುದಿಲ್ಲ ಎಂದರು. ಸೂಜಿಯ ತೂತುಗಳು ಸಾಲಾಗಿ ಹಾಗೇ ಇದ್ದವು. ಒಳ್ಳೆಯ ಭಾಗಗಳನ್ನು ಜೋಡಿಸಿ ಒಂದು ದೊಡ್ಡ ಸುಫ್ರಾ ಹೊಲಿದೆ, ಊಟಕ್ಕೆ ನೆಲದ ಮೇಲೆ ಹಾಸಲು. ಹಬ್ಬಕ್ಕೆ, ನೆಂಟರು ಬಂದಾಗ ಅದೇ.

ಇಷ್ಟು ಬರೆಯುವಷ್ಟರಲ್ಲಿ ಸಂಜೆಯಾಯಿತು. ಮಗ ಬಂದು ಇದನ್ನು ಗಟ್ಟಿಯಾಗಿ ಓದಿ ಹೇಳಿದ. ಸಬೀಹಾ ಎದ್ದು ಹೋಗಿ ಸುಫ್ರಾ ತಂದು ಹಾಸಿದಳು, ಮಂಡಿಯೂರಿ ಆ ತೂತುಗಳ ಸಾಲಿನ ಮೇಲೆ ಬೆರಳೋಡಿಸಿದಳು. "ಐ ಥಾಟ್ ಹುಳ ತಿಂದದ್ದು," ಎಂದಳು.

ಬಿರಿಯಾನಿ ಅವಳೇ ಮಾಡಿದ್ದು, ಮೊದಲ ಸಲ. ದೊಡ್ಡ ತಟ್ಟೆಯ ಸುತ್ತ ನಾವೆಲ್ಲ ಕೂತೆವು. ಖತೀಜಾ, ಮಗ, ಸೊಸೆ, ಸಬೀಹಾ, ನಾನು. ಮಗ ಮೊದಲ ತುತ್ತು ಬಾಯಿಗಿಟ್ಟು ತಾಯಿಯ ಕಡೆ ತಿರುಗಿದ. "ಅಮ್ಮಾ, ನೀನು ಮಧ್ಯೆ ಹೋಗಿ ಉಪ್ಪು ಹಾಕಿದ್ಯಾ?"

"ನಾನ್ಯಾಕೆ ಹಾಕ್ಲಿ? ನಾನು ಅಡುಗೆಮನೆ ಕಡೆ ತಲೆ ಹಾಕ್ಲಿಲ್ಲ ಇವತ್ತು," ಎಂದಳು ಖತೀಜಾ.

"ಮತ್ತೆ ಅಕ್ಕಿ ಕಂಪನಿಯವರು ಹಾಕಿ ಕಳಿಸಿದ್ರಾ?"

ಸಬೀಹಾ ಕೈಯಲ್ಲಿದ್ದ ತುತ್ತನ್ನು ತಟ್ಟೆಯ ಅಂಚಿನಲ್ಲಿಟ್ಟು ಅಪ್ಪನ ಕಡೆ ತಿರುಗಿದಳು. "ಅಬ್ಬಾ, ಎರಡು ಸಲ ಹಾಕಿದ್ದು ನಾನೇ. ಅನ್ನ ಬೇಯುವಾಗ ಒಂದ್ಸಲ, ದಮ್ ಕೊಡುವಾಗ ಒಂದ್ಸಲ. ಯಾರಿಗೂ ಗೊತ್ತಾಗಲ್ಲ ಅಂತ ನಿಂಬೆಹಣ್ಣು ಹಿಂಡಿದೆ."

ಸೊಸೆ ಎದ್ದು ಹೋಗಿ ಮೊಸರಿನ ಪಾತ್ರೆ ತಂದಳು. ನಾನು ನನ್ನ ಕಡೆಯ ಅನ್ನಕ್ಕೆ ಎರಡು ಸೌಟು ಮೊಸರು ಹಾಕಿಸಿಕೊಂಡೆ. ತಟ್ಟೆ ಖಾಲಿಯಾಗುವವರೆಗೆ ಯಾರೂ ಏಳಲಿಲ್ಲ.